ದ್ರಾಸ್‌ನ ಚಳಿಯಲ್ಲಿ ಲಾರಿ ಸ್ಟಾರ್ಟ್ ಆಗಲಿಲ್ಲ: ಮುಂದಿನ ಟ್ರಿಪ್‌ಗೆ ಏನೇನು ಸಿದ್ಧತೆ ಬೇಕು?

ಶಿರಾ ಲಾರಿ ಮಾಲೀಕ | ಡಿಸೆಂಬರ್ 2

ಎಲ್ಲರಿಗೂ ನಮಸ್ಕಾರ. ತುಮಕೂರು ಜಿಲ್ಲೆಯ ಶಿರಾದಲ್ಲಿ ನನ್ನವು ಎರಡು ಹತ್ತು ಚಕ್ರದ ಲಾರಿಗಳಿವೆ. ಒಂದು 2018ರ ಬಿಎಸ್-4 ಗಾಡಿ, ಇನ್ನೊಂದು 2021ರಲ್ಲಿ ಕೊಂಡ, ಹೊಗೆಯ ನಿಯಮ ಇನ್ನೂ ಬಿಗಿಯಾದ ಬಿಎಸ್-6 ಗಾಡಿ. ಇಷ್ಟು ವರ್ಷ ನಾಗಪುರ, ದೆಹಲಿ, ಹೆಚ್ಚೆಂದರೆ ಲುಧಿಯಾನದವರೆಗೆ ಓಡಿಸಿದ್ದೆವು. ಕಳೆದ ತಿಂಗಳು ಮೊದಲ ಬಾರಿಗೆ ಪೀಣ್ಯದಿಂದ ಕಾರ್ಗಿಲ್‌ಗೆ ಯಂತ್ರಗಳ ಬಿಡಿಭಾಗಗಳ ಲೋಡು ಸಿಕ್ಕಿದ್ದರಿಂದ ಹಳೆಯ ಗಾಡಿಯನ್ನು ಕಳುಹಿಸಿದೆ.

ನಮ್ಮ ಚಾಲಕರು ವಯಸ್ಸಿನಲ್ಲೂ ಅನುಭವದಲ್ಲೂ ನನಗಿಂತ ಹಿರಿಯರು. ನವೆಂಬರ್ ಕೊನೆಯ ವಾರ ಕಾಶ್ಮೀರದಿಂದ ಲಡಾಖ್‌ಗೆ ಹೋಗುವ ಜೋಜಿ ಲಾ ಘಟ್ಟ ದಾಟಿ, ಕತ್ತಲಾಯಿತೆಂದು ದ್ರಾಸ್‌ನಲ್ಲಿ ರಾತ್ರಿ ಗಾಡಿ ನಿಲ್ಲಿಸಿದರು. ಬೆಳಿಗ್ಗೆ ಸೆಲ್ಫ್ ಹೊಡೆದಾಗ ಎಂಜಿನ್ ಬಹಳ ಭಾರವಾಗಿ ನಾಲ್ಕೈದು ಸುತ್ತು ತಿರುಗಿ ನಿಂತುಹೋಯಿತು, ಆಮೇಲೆ ಬರೀ ಟಕ್ ಟಕ್ ಎಂಬ ಸದ್ದು. ಪಕ್ಕದ ಗಾಡಿಯವರು ಕೇಬಲ್ ಹಾಕಿ ತಮ್ಮ ಬ್ಯಾಟರಿ ಜೋಡಿಸಿದ ಮೇಲೆ ಎಂಜಿನ್ ಸಲೀಸಾಗಿ ತಿರುಗಿತಾದರೂ ಹತ್ತಿಕೊಳ್ಳಲಿಲ್ಲ, ಸೈಲೆನ್ಸರ್‌ನಿಂದ ಒಂದಿಷ್ಟೂ ಹೊಗೆ ಬರಲಿಲ್ಲ. ಫಿಲ್ಟರ್ ಬಿಚ್ಚಿದರೆ ಒಳಗೆ ಮೇಣದಂಥ ಬಿಳಿ ಪದಾರ್ಥ ತುಂಬಿಕೊಂಡಿತ್ತಂತೆ. ಅಲ್ಲಿದ್ದವರು ಯಾರೋ ಟ್ಯಾಂಕ್ ಕೆಳಗೆ ಕಟ್ಟಿಗೆ ಒಟ್ಟಿ ಬೆಂಕಿ ಹಾಕಿದರು. ಗಾಡಿ ಹೊರಟಾಗ ಹನ್ನೊಂದೂವರೆ. ಟ್ಯಾಂಕಿನಲ್ಲಿದ್ದದ್ದು ಪಂಜಾಬಿನಲ್ಲಿ ತುಂಬಿಸಿದ ಡೀಸೆಲ್.

ಡಿಸೆಂಬರ್ ಮೂರನೇ ವಾರದಲ್ಲಿ ಅದೇ ಊರಿಗೆ ಇನ್ನೊಂದು ಲೋಡಿದೆ. ಈ ಸಲ ಹೊಸ ಗಾಡಿಯನ್ನು ಕಳುಹಿಸಬೇಕೆಂದಿದ್ದೇನೆ. ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸಿದರೆ ಸಾಕೆಂದು ಕೆಲವರು ಹೇಳುತ್ತಾರೆ, ರಾತ್ರಿಯಿಡೀ ಎಂಜಿನ್ ಆಫ್ ಮಾಡಲೇಬಾರದೆಂದು ಇನ್ನು ಕೆಲವರು. ಆ ಚಳಿಯಲ್ಲಿ ಚಾಲಕರು ಆರು ಗಂಟೆ ಹೊರಗೆ ನಿಂತಿದ್ದರು ಎಂಬುದು ನನ್ನ ಮನಸ್ಸಿಗೆ ಬಹಳ ನೋವು ತಂದಿದೆ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಮಡಿಕೇರಿ ಮೆಕ್ಯಾನಿಕ್ | ಡಿಸೆಂಬರ್ 2

ನಮಸ್ಕಾರ. ನಾನು ಸೇನೆಯ ವಾಹನ, ಯಂತ್ರಗಳ ದುರಸ್ತಿ ನೋಡಿಕೊಳ್ಳುವ ಇಎಂಇ ದಳದಲ್ಲಿ ವಾಹನ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ಲಡಾಖ್‌ನಲ್ಲಿ ಎರಡು ಚಳಿಗಾಲ ಕಳೆದಿದ್ದೇನೆ. ನೀವು ಸದ್ದು ಮತ್ತು ಹೊಗೆ ಎರಡನ್ನೂ ಗಮನಿಸಿ ಬರೆದಿರುವುದರಿಂದ ಉತ್ತರಿಸುವುದು ಸುಲಭವಾಯಿತು. ಚಳಿಯಲ್ಲಿ ಸ್ಟಾರ್ಟ್ ಆಗದ ಗಾಡಿಯ ಮುಂದೆ ನಿಂತಾಗ ಪಾನಾ ಕೈಗೆತ್ತಿಕೊಳ್ಳುವ ಮೊದಲು ಇವೆರಡನ್ನೇ ನೋಡಬೇಕು. ಎಂಜಿನ್ ಭಾರವಾಗಿ ತಿರುಗಿದರೆ ತೊಂದರೆ ಬ್ಯಾಟರಿಯಲ್ಲಿ ಅಥವಾ ಎಂಜಿನ್ ಆಯಿಲ್‌ನಲ್ಲಿ. ಸಲೀಸಾಗಿ ತಿರುಗಿಯೂ ಹೊಗೆ ಬಾರದಿದ್ದರೆ ಸಿಲಿಂಡರ್‌ಗೆ ಡೀಸೆಲ್ಲೇ ತಲುಪುತ್ತಿಲ್ಲ. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ತಲುಪಿದೆ, ಆದರೆ ಹತ್ತಿಕೊಳ್ಳುವಷ್ಟು ಬಿಸಿ ಒಳಗಿಲ್ಲ. ನಿಮ್ಮ ಗಾಡಿಗೆ ಮೊದಲಿನ ಎರಡು ಕಾಯಿಲೆಗಳೂ ಒಂದೇ ಬೆಳಿಗ್ಗೆ ಬಂದಿದ್ದವು. ಹಾಗಾಗಿಯೇ ಬ್ಯಾಟರಿ ಜೋಡಿಸಿದ ಮೇಲೂ ಗಾಡಿ ಹೊರಡಲಿಲ್ಲ.

ಡೀಸೆಲ್ ಎಂಜಿನ್ನಿಗೆ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರ್‌ನೊಳಗಿನ ಗಾಳಿಯನ್ನು 16ರಿಂದ 18 ಪಟ್ಟು ಒತ್ತಿದಾಗ ಹುಟ್ಟುವ ಶಾಖವೇ ಡೀಸೆಲ್ಲನ್ನು ಹೊತ್ತಿಸಬೇಕು. ಒಳಗೆ ಬರುವ ಗಾಳಿ ಮೈನಸ್ 15 ಡಿಗ್ರಿಯಲ್ಲಿದ್ದು, ಸಿಲಿಂಡರ್‌ನ ಗೋಡೆಯೂ ಅಷ್ಟೇ ತಣ್ಣಗಿದ್ದು, ಎಂಜಿನ್ ನಿಧಾನವಾಗಿ ತಿರುಗಿದರೆ, ಒತ್ತಿದ ಶಾಖವೆಲ್ಲ ಲೋಹಕ್ಕೆ ಸೋರಿ ಹೋಗುತ್ತದೆ. ದ್ರಾಸ್ 3,200 ಮೀಟರ್‌ಗೂ ಹೆಚ್ಚು ಎತ್ತರದಲ್ಲಿರುವುದರಿಂದ ಅಲ್ಲಿನ ಗಾಳಿಯ ಒತ್ತಡವೇ ಸಮುದ್ರ ಮಟ್ಟದಲ್ಲಿರುವುದರ ಸುಮಾರು ಮೂರನೇ ಎರಡು ಭಾಗ ಮಾತ್ರ. ಆದ್ದರಿಂದ ವೇಗವಾಗಿ ತಿರುಗುವುದು ಅಲ್ಲಿ ಬಯಲುಸೀಮೆಗಿಂತ ಹೆಚ್ಚು ಮುಖ್ಯ.

ಬ್ಯಾಟರಿಯ ವಿಷಯದಲ್ಲಿ ನಮ್ಮವರು ಮಾಡುವ ತಪ್ಪೊಂದಿದೆ. ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳು ಸಾಲಾಗಿ ಸೇರಿ 24 ವೋಲ್ಟ್ ಕೊಡುತ್ತವೆ. ಒಂದು ಕೆಟ್ಟಾಗ ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನೂ ಎಳೆದುಕೊಂಡು ಹಾಳುಮಾಡುತ್ತದೆ. ಶಿರಾದಲ್ಲಿ ಅದು ಗೊತ್ತಾಗುವುದಿಲ್ಲ, ಮೈನಸ್ 18 ಡಿಗ್ರಿಯಲ್ಲಿ ಒಳ್ಳೆಯ ಬ್ಯಾಟರಿಯ ಶಕ್ತಿಯೇ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿದಾಗ ಗೊತ್ತಾಗುತ್ತದೆ. ಹೊರಡುವ ಮೊದಲು ಎರಡನ್ನೂ ಲೋಡ್ ಹಾಕಿ ಪರೀಕ್ಷಿಸಿ, ಟರ್ಮಿನಲ್‌ಗಳನ್ನೂ ಚಾಸಿಗೆ ಹೋಗುವ ಅರ್ತ್ ಕೇಬಲ್ಲಿನ ಬೋಲ್ಟನ್ನೂ ಉಜ್ಜಿ ಬಿಗಿಮಾಡಿಸಿ. ಪೂರ್ತಿ ಚಾರ್ಜ್ ಆದ ಬ್ಯಾಟರಿಯ ಆಸಿಡ್ ಮೈನಸ್ 50 ಡಿಗ್ರಿಯಲ್ಲೂ ಗಟ್ಟಿಯಾಗುವುದಿಲ್ಲ, ಆದರೆ ಖಾಲಿಯಾದ ಬ್ಯಾಟರಿ ಮೈನಸ್ 10ರ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಹಾಗೆ ಹೆಪ್ಪುಗಟ್ಟಿ ಉಬ್ಬಿದ ಬ್ಯಾಟರಿಗೆ ಎಂದಿಗೂ ಕೇಬಲ್ ಹಾಕಬಾರದು, ಅದು ಸಿಡಿಯಬಹುದು.

ಟ್ಯಾಂಕ್ ಕೆಳಗೆ ಬೆಂಕಿ ಹಾಕುವುದನ್ನು ನಾನು ಕಣ್ಣಾರೆ ನೋಡಿದ್ದೇನೆ, ದಯವಿಟ್ಟು ಅದಕ್ಕೆ ಒಪ್ಪಬೇಡಿ. ಡೀಸೆಲ್ ಹೊತ್ತಿಕೊಳ್ಳುವ ಅಪಾಯ ಒಂದು ಕಡೆಯಾದರೆ, ಚಾಸಿಯ ಉದ್ದಕ್ಕೂ ಹೋಗಿರುವ ಬ್ರೇಕಿನ ಏರ್ ಪೈಪ್‌ಗಳು ನೈಲಾನಿನವು. ಶಾಖಕ್ಕೆ ಅವು ಮೆದುವಾಗಿ ಒಂದು ಕಡೆ ತೆಳ್ಳಗಾದರೆ ಆಗ ಏನೂ ಕಾಣುವುದಿಲ್ಲ, ಮುಂದೆ ಇಳಿಜಾರಿನಲ್ಲಿ ಒಡೆಯುತ್ತದೆ. ಹಳೆಯ ಗಾಡಿ ವಾಪಸ್ ಬಂದ ಕೂಡಲೇ ಆ ಭಾಗದ ಪೈಪ್ ಮತ್ತು ವೈರಿಂಗನ್ನು ಬೆರಳಾಡಿಸಿ ನೋಡಿಸಿ. ಫಿಲ್ಟರ್ ಬಿಸಿಯಾಗಬೇಕಾದರೆ ಬಿಸಿನೀರಿನಲ್ಲಿ ಅದ್ದಿದ ದಪ್ಪ ಬಟ್ಟೆಯನ್ನು ಅದರ ಸುತ್ತಲೂ ಪೈಪಿನ ಸುತ್ತಲೂ ಮತ್ತೆ ಮತ್ತೆ ಸುತ್ತಿದರೆ ಸಾಕು. ತಾಳ್ಮೆ ಬೇಕು, ಅಷ್ಟೇ.

ಇನ್ನೊಂದು ಮಾತು ನಮ್ಮ ಹಿರಿಯ ಚಾಲಕರಿಗಾಗಿ. ಬ್ಯಾಟರಿ ದುರ್ಬಲವಾಗಿದ್ದರೆ ಇಳಿಜಾರಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ಉರುಳಲು ಬಿಟ್ಟು ಗೇರಿಗೆ ಹಾಕಿ ಸ್ಟಾರ್ಟ್ ಮಾಡುವ ಹಳೆಯ ರೂಢಿ ಅಲ್ಲಿ ನಡೆಯುವುದಿಲ್ಲ. ರಾತ್ರಿ ಏರ್ ಇಳಿದರೆ ಸ್ಪ್ರಿಂಗ್ ಬ್ರೇಕು ಚಕ್ರಗಳನ್ನು ಹಿಡಿದುಬಿಡುತ್ತದೆ. ಅದು ಬಿಟ್ಟರೂ ಮಂಜುಗಟ್ಟಿದ ರಸ್ತೆಯಲ್ಲಿ ಎಂಜಿನ್ ಇಲ್ಲದೆ ಉರುಳುವ ಲಾರಿಯನ್ನು ನಿಲ್ಲಿಸಲು ಯಾರಿಗೂ ಸಾಧ್ಯವಿಲ್ಲ.

ರೇಡಿಯೇಟರ್‌ನಲ್ಲಿ ಏನಿದೆ ಎಂದು ನೀವು ಬರೆದಿಲ್ಲ. ಬರೀ ನೀರಿದ್ದರೆ ಉಳಿದದ್ದೆಲ್ಲ ವ್ಯರ್ಥ, ಅದು ಹೆಪ್ಪುಗಟ್ಟಿ ಎಂಜಿನ್ ಬ್ಲಾಕ್ ಸೀಳಿಹೋಗುತ್ತದೆ. ಇದನ್ನು ದಯವಿಟ್ಟು ನೋಡಿ ತಿಳಿಸಿ.

ಸುರತ್ಕಲ್ ರಸಾಯನ | ಡಿಸೆಂಬರ್ 3

ಇಂಧನ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಹಲವು ವರ್ಷ ಕೆಲಸ ಮಾಡಿದವನಾದ್ದರಿಂದ ಆ ಬಿಳಿ ಮೇಣದ ಬಗ್ಗೆ ಮಾತ್ರ ಬರೆಯುತ್ತೇನೆ.

ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆಯ ಬಾಟಲಿ ಬಗ್ಗಿಸಿದರೂ ಎಣ್ಣೆ ಬಾರದಿರುವುದನ್ನು ನಾವೆಲ್ಲ ನೋಡಿದ್ದೇವೆ. ಡೀಸೆಲ್‌ನಲ್ಲಿ ನಡೆಯುವುದೂ ಅದೇ ಬಗೆಯದು, ಆದರೆ ಡೀಸೆಲ್ ಒಂದೇ ಪದಾರ್ಥವಲ್ಲದ ಕಾರಣ ಒಟ್ಟಿಗೇ ಹೆಪ್ಪಾಗುವುದಿಲ್ಲ. ಅದರಲ್ಲಿರುವ ಮೇಣದ ಅಂಶ, ಅಂದರೆ ಉದ್ದ ಸರಪಣಿಯ ಪ್ಯಾರಾಫಿನ್‌ಗಳು ಮೊದಲು ಸಣ್ಣ ಹರಳುಗಳಾಗಿ ಬೇರ್ಪಡುತ್ತವೆ, ಡೀಸೆಲ್ ಮಬ್ಬಾಗುತ್ತದೆ. ಬೇಗ ಹೊತ್ತಿಕೊಳ್ಳುವ ಒಳ್ಳೆಯ ಗುಣವನ್ನು ಡೀಸೆಲ್‌ಗೆ ಕೊಡುವುದು ಇದೇ ಪ್ಯಾರಾಫಿನ್. ಚಳಿಗೆ ಮೊದಲು ಸೋಲುವುದೂ ಅದೇ. ಟ್ಯಾಂಕಿನಲ್ಲಿ ಡೀಸೆಲ್ ಇನ್ನೂ ಹರಿಯುವ ಸ್ಥಿತಿಯಲ್ಲಿದ್ದಾಗಲೇ ಆ ಹರಳುಗಳು ಫಿಲ್ಟರ್‌ನ ಕಾಗದದ ಮೇಲೆ ಪದರವಾಗಿ ಕೂತು ದಾರಿ ಮುಚ್ಚುತ್ತವೆ. ಹಾಗಾಗಿ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ ‘ಡೀಸೆಲ್ ನೀರಾಗಿಯೇ ಇದೆಯಲ್ಲ’ ಎಂದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಎಷ್ಟು ತಂಪಿನಲ್ಲಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ ಎಂಬುದಕ್ಕೆ ಪ್ರತ್ಯೇಕ ಪರೀಕ್ಷೆಯಿದೆ. ನಮ್ಮ ದೇಶದ ಐಎಸ್ 1460 ಮಾನದಂಡದ ಪ್ರಕಾರ ಸಾಮಾನ್ಯ ಡೀಸೆಲ್‌ಗೆ ಆ ಮಿತಿ ಬೇಸಿಗೆಯಲ್ಲಿ 18 ಡಿಗ್ರಿ, ನವೆಂಬರ್‌ನಿಂದ ಫೆಬ್ರವರಿಯವರೆಗಿನ ಚಳಿಗಾಲದಲ್ಲಿ 6 ಡಿಗ್ರಿ. ಎರಡೂ ಸೊನ್ನೆಗಿಂತ ಮೇಲಿನವು. ಬಂಕಿನಲ್ಲಿ ಸಿಗುವ ಡೀಸೆಲ್ ಇದಕ್ಕಿಂತ ಉತ್ತಮವಾಗಿರಬಹುದು, ಆದರೆ ಮೈನಸ್ 15 ಡಿಗ್ರಿಗೆ ಅದು ತಯಾರಾದದ್ದಲ್ಲ. ಪಂಜಾಬಿನ ಬಂಕಿನವರ ತಪ್ಪು ಇದರಲ್ಲಿ ಏನೂ ಇಲ್ಲ. ಲಡಾಖ್‌ಗೆಂದೇ ಇಂಡಿಯನ್ ಆಯಿಲ್ ಸಂಸ್ಥೆಯು 2019ರ ನವೆಂಬರ್‌ನಲ್ಲಿ ಚಳಿಗಾಲದ ವಿಶೇಷ ಡೀಸೆಲ್ ಬಿಡುಗಡೆ ಮಾಡಿತು. ಪಾಣಿಪತ್ ಸಂಸ್ಕರಣಾಗಾರದಲ್ಲಿ ತಯಾರಾದ ಆ ಡೀಸೆಲ್ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಗುಣ ಉಳಿಸಿಕೊಳ್ಳುತ್ತದೆ.

ಇಲ್ಲಿಂದ ನನ್ನ ಸಲಹೆ ಬಹಳ ಸರಳ. ಕಾಶ್ಮೀರ ಕಣಿವೆಯಿಂದ ಮೇಲೇರುವಾಗ ಟ್ಯಾಂಕ್ ತುಂಬಿಸಿಕೊಂಡು ಹೋಗಬೇಡಿ; ಕಾರ್ಗಿಲ್ ತಲುಪಲು ಬೇಕಾದಷ್ಟು, ದಾರಿ ಕಟ್ಟಿಕೊಂಡರೆ ಉಳಿಯುವಷ್ಟು ಇದ್ದರೆ ಸಾಕು. ಕಾರ್ಗಿಲ್‌ನ ಬಂಕಿನಲ್ಲಿ ಚಳಿಗಾಲದ ಡೀಸೆಲ್ ಹೌದೇ ಎಂದು ಕೇಳಿ ತುಂಬಿಸಿ. ತುಂಬಿಸಿದ ಮೇಲೆ ಹದಿನೈದು ಇಪ್ಪತ್ತು ನಿಮಿಷವಾದರೂ ಎಂಜಿನ್ ಓಡಬೇಕು, ಇಲ್ಲವಾದರೆ ಪೈಪ್ ಮತ್ತು ಫಿಲ್ಟರ್‌ನೊಳಗೆ ಹಳೆಯ ಡೀಸೆಲ್ಲೇ ಉಳಿದು ರಾತ್ರಿ ಅಲ್ಲಿಯೇ ಕಟ್ಟಿಕೊಳ್ಳುತ್ತದೆ. ಹೆಪ್ಪು ತಡೆಯುವ ಔಷಧಿಯ ಡಬ್ಬಿಗಳು ಅಂಗಡಿಯಲ್ಲಿ ಸಿಗುತ್ತವೆ, ಅವು ಕೆಲಸ ಮಾಡುವುದೂ ನಿಜ. ಆದರೆ ಹರಳುಗಳು ಹುಟ್ಟುವ ಮೊದಲೇ, ಡೀಸೆಲ್ ಬೆಚ್ಚಗಿರುವಾಗಲೇ ಬೆರೆಸಬೇಕು. ಒಮ್ಮೆ ಕಟ್ಟಿಕೊಂಡ ಮೇಲೆ ಸುರಿದರೆ ಅವು ಮೇಣವನ್ನು ಕರಗಿಸುವುದಿಲ್ಲ.

ಸೀಮೆಎಣ್ಣೆ ಬೇಡ. ಹಳೆಯ ಎಂಜಿನ್‌ಗಳ ಕಾಲದಲ್ಲಿ ಅದು ನಡೆಯುತ್ತಿತ್ತು ಎಂಬುದು ಸುಳ್ಳಲ್ಲ, ಸೀಮೆಎಣ್ಣೆಯಲ್ಲಿ ಮೇಣ ಕಡಿಮೆ. ಆದರೆ ಡೀಸೆಲ್ಲನ್ನು ಬಹಳ ಒತ್ತಡದಲ್ಲಿ ಎಂಜಿನ್ನಿಗೆ ಕಳುಹಿಸುವ ಈಗಿನ ಕಾಮನ್ ರೈಲ್ ಪಂಪು ತನ್ನೊಳಗಿನ ಸವೆತವನ್ನು ತಡೆಯಲು ಡೀಸೆಲ್‌ನ ಜಿಡ್ಡನ್ನೇ ನಂಬಿಕೊಂಡಿದೆ, ಸೀಮೆಎಣ್ಣೆಗೆ ಆ ಜಿಡ್ಡಿಲ್ಲ. ಬಿಎಸ್-6 ಡೀಸೆಲ್‌ನಲ್ಲಿ ಗಂಧಕದ ಮಿತಿ ಹತ್ತು ಲಕ್ಷ ಭಾಗಕ್ಕೆ 10 ಭಾಗ ಮಾತ್ರ; ಸೀಮೆಎಣ್ಣೆಯಲ್ಲಿ ಅದಕ್ಕಿಂತ ಹಲವು ಪಟ್ಟು ಇರಬಹುದಾದ್ದರಿಂದ ಸೈಲೆನ್ಸರ್‌ನಲ್ಲಿರುವ ಹೊಗೆ ಶುದ್ಧಿಯ ಸಾಧನವೇ ಕೆಡುತ್ತದೆ. ಬೆರಕೆಯು ಕಾನೂನಿನ ಪ್ರಕಾರ ಅಪರಾಧವೂ ಹೌದು.

ಎಡ್ಮಂಟನ್ ಸಾರಥಿ | ಡಿಸೆಂಬರ್ 4

ದಾವಣಗೆರೆಯವನು ನಾನು, ಈಗ ಕೆನಡಾದ ಆಲ್ಬರ್ಟಾದಲ್ಲಿ ಟ್ರಕ್ ಓಡಿಸುತ್ತೇನೆ. ಇಲ್ಲಿ ಜನವರಿಯಲ್ಲಿ ಮೈನಸ್ 30 ಡಿಗ್ರಿ ಅಪರೂಪವಲ್ಲ. ಎಂಜಿನ್ ಬ್ಲಾಕ್‌ನ ಕೂಲೆಂಟನ್ನು ಕರೆಂಟಿನಿಂದ ಬಿಸಿಮಾಡುವ ಹೀಟರ್ ಇಲ್ಲಿನ ಗಾಡಿಗಳಲ್ಲಿ ಇರುತ್ತದೆ. ಹೊರಡುವುದಕ್ಕೆ ಎರಡು ಮೂರು ಗಂಟೆ ಮೊದಲು ಪ್ಲಗ್ ಹಾಕಿದರೆ ಎಂಜಿನ್ ಸುಲಭವಾಗಿ ಹತ್ತಿಕೊಳ್ಳುತ್ತದೆ. ಕಾರ್ಗಿಲ್‌ನ ರಸ್ತೆ ಬದಿಯಲ್ಲಿ ನಿಮಗೆ ಆ ಅನುಕೂಲ ಸಿಗಲಾರದು, ಒಂದೆರಡು ಟ್ರಿಪ್‌ಗಾಗಿ ಅದನ್ನು ಹಾಕಿಸುವುದು ಸರಿಯೆಂದೂ ನನಗೆ ಅನಿಸುವುದಿಲ್ಲ. ಆದರೆ ಇಲ್ಲಿ ನಾನು ಕಲಿತ ಮುಖ್ಯ ಸಂಗತಿ ಖರ್ಚಿಲ್ಲದ್ದು: ಬೆಳಿಗ್ಗೆಯ ಸ್ಟಾರ್ಟಿಂಗಿಗೆ ಮಾಡಬೇಕಾದ ಕೆಲಸವನ್ನೆಲ್ಲ ಹಿಂದಿನ ಸಂಜೆ, ಎಂಜಿನ್ ಬಿಸಿಯಾಗಿರುವಾಗಲೇ ಮುಗಿಸಬೇಕು.

ಗಾಡಿ ನಿಲ್ಲಿಸಿದ ಕೂಡಲೇ ನೀರು ಬೇರ್ಪಡಿಸುವ ಫಿಲ್ಟರ್‌ನ ಕೆಳಗಿನ ತಿರುಪು ಸಡಿಲಿಸಿ ನೀರು ಬಿಡುತ್ತೇನೆ, ಏಕೆಂದರೆ ಮೇಣಕ್ಕಿಂತ ಮೊದಲು ಆ ನೀರೇ ಮಂಜುಗಡ್ಡೆಯಾಗಿ ದಾರಿ ಕಟ್ಟುವುದುಂಟು. ಏರ್ ಟ್ಯಾಂಕ್‌ಗಳ ನೀರನ್ನೂ ಆಗಲೇ ಬಿಡಬೇಕು, ಬೆಳಿಗ್ಗೆ ವಾಲ್ವ್ ಹೆಪ್ಪುಗಟ್ಟಿದರೆ ಎಂಜಿನ್ ಓಡಿದರೂ ಬ್ರೇಕ್ ಬಿಡುವುದಿಲ್ಲ. ಮೂತಿಗೆ ಗಾಳಿ ಹೊಡೆಯದಂತೆ ಗೋಡೆಯ ಮರೆಯಲ್ಲಿ ಅಥವಾ ಗಾಳಿಗೆ ಬೆನ್ನು ಮಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿದ ಮೇಲೆ ರೇಡಿಯೇಟರ್ ಮುಂದೆ ದಪ್ಪ ರಟ್ಟು ಕಟ್ಟಿ. ಹೊರಡುವಾಗ ಅದನ್ನು ತೆಗೆಯಲು ಮರೆಯಬಾರದು. ಎರಡು ಹೊಸ ಡೀಸೆಲ್ ಫಿಲ್ಟರ್‌ಗಳು ಕ್ಯಾಬಿನ್‌ನೊಳಗೆ, ಬೆಚ್ಚಗಿನ ಜಾಗದಲ್ಲಿ ಇರಲಿ. ಹೊಸ ಫಿಲ್ಟರ್ ಹಾಕಿದ ಮೇಲೆ ಹ್ಯಾಂಡ್ ಪಂಪು ಗಟ್ಟಿಯಾಗುವವರೆಗೂ ಒತ್ತಿ ಗಾಳಿ ತೆಗೆಯಬೇಕು, ಆ ಕೆಲಸವನ್ನು ಸೆಲ್ಫ್ ಹೊಡೆದು ಮಾಡಲು ಹೋದರೆ ಬ್ಯಾಟರಿ ಮುಗಿಯುತ್ತದೆ.

ಸುರತ್ಕಲ್‌ನವರು ಟ್ಯಾಂಕ್ ಖಾಲಿಯಿರಲಿ ಎಂದಿದ್ದಾರೆ, ನಮಗೆ ಇಲ್ಲಿ ರಾತ್ರಿ ಟ್ಯಾಂಕ್ ತುಂಬಿರಲಿ ಎಂದು ಕಲಿಸುತ್ತಾರೆ. ಖಾಲಿ ಜಾಗದ ಗಾಳಿಯಲ್ಲಿರುವ ತೇವ ನೀರಾಗಿ ಇಳಿಯುತ್ತದೆ ಎಂಬುದು ಕಾರಣ. ಎರಡೂ ಸರಿ. ಮೇಲೇರುವಾಗ ಕಡಿಮೆಯಿರಲಿ, ರಾತ್ರಿ ನಿಲ್ಲುವ ಮೊದಲು ಒಳ್ಳೆಯ ಡೀಸೆಲ್‌ನಿಂದ ತುಂಬಿರಲಿ.

ಬೆಳಿಗ್ಗೆ ಕೀ ಆನ್ ಮಾಡಿದ ಮೇಲೆ, ಎಂಜಿನ್ನಿಗೆ ಹೋಗುವ ಗಾಳಿಯನ್ನು ಬಿಸಿಮಾಡುವ ಹೀಟರ್‌ನ ದೀಪ ಆರುವವರೆಗೆ ಕಾಯಬೇಕು. ಬಹಳ ಚಳಿಯಿದ್ದರೆ ಆಫ್ ಮಾಡಿ ಮತ್ತೊಮ್ಮೆ ಕಾಯುವುದು ನನ್ನ ಪದ್ಧತಿ. ಸೆಲ್ಫನ್ನು ಹದಿನೈದು ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು, ಮತ್ತೆ ಹೊಡೆಯುವ ಮೊದಲು ಎರಡು ನಿಮಿಷ ಬಿಡಬೇಕು. ಈ ಹೀಟರ್ ಇರುವ ಎಂಜಿನ್‌ನ ಗಾಳಿಯ ದಾರಿಗೆ ಬೇಗ ಹತ್ತಿಕೊಳ್ಳಲೆಂದು ಈಥರ್ ಸ್ಪ್ರೇ ಹೊಡೆಯುವುದಂತೂ ಬೇಡವೇ ಬೇಡ, ಕಾದ ತಂತಿಗೆ ತಗುಲಿ ಅಲ್ಲಿಯೇ ಸ್ಫೋಟವಾಗುತ್ತದೆ.

ರಾತ್ರಿಯಿಡೀ ಎಂಜಿನ್ ಓಡಿಸುವ ಬಗ್ಗೆ ಕೇಳಿದ್ದೀರಿ. ಗಂಟೆಗೆ ಎರಡು ಮೂರು ಲೀಟರ್ ಹೋಗುತ್ತದೆ, ಬಿಎಸ್-6 ಗಾಡಿಯ ಮಸಿ ಹಿಡಿಯುವ ಫಿಲ್ಟರ್ ಬೇಗ ತುಂಬಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡದು ಒಳಗೆ ಮಲಗಿದವರ ಜೀವ. ಮಂಜು ಸೈಲೆನ್ಸರ್ ಸುತ್ತ ಕೂತರೆ ಹೊಗೆ ಕ್ಯಾಬಿನ್‌ಗೆ ನುಗ್ಗಬಹುದು. ಕೆಂಡ ತುಂಬುವ ಮಡಕೆಯಾದ ಕಾಶ್ಮೀರದ ಕಾಂಗ್ರಿಯನ್ನೋ ಕೆಂಡದ ಒಲೆಯನ್ನೋ ಮುಚ್ಚಿದ ಕ್ಯಾಬಿನ್‌ನಲ್ಲಿ ಇಟ್ಟುಕೊಂಡು ಮಲಗಬಾರದೆಂದು ನಿಮ್ಮ ಚಾಲಕರಿಗೆ ಮರೆಯದೆ ಹೇಳಿ. ಆ ವಿಷಗಾಳಿಗೆ ವಾಸನೆಯಿಲ್ಲ. ಆದಷ್ಟೂ ಅವರಿಗೆ ಒಂದು ಕೊಠಡಿಯ ಬಾಡಿಗೆ ಕೊಟ್ಟುಬಿಡಿ.

ಶಿರಾ ಲಾರಿ ಮಾಲೀಕ | ಡಿಸೆಂಬರ್ 6

ಮೂವರಿಗೂ ಕೈಮುಗಿಯುತ್ತೇನೆ. ಕೊಠಡಿಯ ಬಾಡಿಗೆಯನ್ನು ಟ್ರಿಪ್ ಖರ್ಚಿಗೆ ಸೇರಿಸಿದ್ದೇನೆ.

ಹಳೆಯ ಗಾಡಿ ಬಂದಿದೆ. ಮಡಿಕೇರಿಯವರು ಹೇಳಿದಂತೆ ನೋಡಿಸಿದಾಗ ಟ್ಯಾಂಕ್ ಹತ್ತಿರದ ಒಂದು ಏರ್ ಪೈಪ್ ಕರಗಿ ಚಪ್ಪಟೆಯಾಗಿರುವುದು ಕಂಡಿತು. ಜೋಜಿ ಲಾದ ಇಳಿಜಾರನ್ನು ಗಾಡಿ ಅದೇ ಪೈಪಿನಲ್ಲಿ ಇಳಿದು ಬಂದಿದೆ ಎಂದು ನೆನೆದರೆ ಎದೆ ನಡುಗುತ್ತದೆ. ಹೊಸದು ಹಾಕಿಸಿದೆ. ರೇಡಿಯೇಟರ್‌ನಲ್ಲಿ ಕೂಲೆಂಟ್ ಇದೆಯೆಂದೇ ನಂಬಿದ್ದೆ, ಆದರೆ ಹೋದ ವರ್ಷ ಹೋಸ್ ಬದಲಿಸಿದ ಗ್ಯಾರೇಜಿನಲ್ಲಿ ಅರ್ಧಕ್ಕರ್ಧ ನೀರು ತುಂಬಿಸಿದ್ದರಂತೆ. ಹೊಸ ಗಾಡಿಯದು ಹೇಗಿದೆಯೋ ಗೊತ್ತಿಲ್ಲ. ಅದಕ್ಕೆ ಹೊಗೆ ಶುದ್ಧಿಗಾಗಿ ಯೂರಿಯಾ ಟ್ಯಾಂಕ್ ಬೇರೆ ಇದೆ, ಅದು ಹೆಪ್ಪುಗಟ್ಟಿದರೆ ಏನು ಮಾಡಬೇಕು? ಎಂಜಿನ್ ಆಯಿಲ್ 15ಡಬ್ಲ್ಯೂ-40 ಇದೆ, ಬದಲಿಸಬೇಕೇ?

ಮಡಿಕೇರಿ ಮೆಕ್ಯಾನಿಕ್ | ಡಿಸೆಂಬರ್ 6

ಕೂಲೆಂಟ್ ಮತ್ತು ಶುದ್ಧ ನೀರು ಸಮಪಾಲಿನಲ್ಲಿದ್ದರೆ ಮೈನಸ್ 35ರ ಆಸುಪಾಸಿನವರೆಗೆ ಭಯವಿಲ್ಲ. ಬರೀ ಕೂಲೆಂಟ್ ತುಂಬಿಸುವುದು ಇನ್ನೂ ಒಳ್ಳೆಯದೆಂದು ತಿಳಿಯಬೇಡಿ, ನೀರು ಬೆರೆಸದಿದ್ದರೆ ಅದು ಅದಕ್ಕಿಂತ ಬೇಗ ಗಟ್ಟಿಯಾಗುತ್ತದೆ. ಗ್ಯಾರೇಜಿನಲ್ಲಿ ಹೈಡ್ರೋಮೀಟರ್‌ನಿಂದ ಅಳೆಸಿ, ಬಣ್ಣ ನೋಡಿ ನಂಬಬೇಡಿ.

ಯೂರಿಯಾ ದ್ರಾವಣ ಮೈನಸ್ 11 ಡಿಗ್ರಿಯಲ್ಲಿ ಹೆಪ್ಪುಗಟ್ಟುವುದು ಅದರ ಸಹಜ ಗುಣ. ಎಂಜಿನ್ ಸ್ಟಾರ್ಟ್ ಆಗಲು ಅದು ಬೇಕಿಲ್ಲ; ಬಿಸಿ ಕೂಲೆಂಟ್ ಅದರ ಟ್ಯಾಂಕಿನೊಳಗೆ ಹರಿದು ತಾನಾಗಿ ಕರಗಿಸುತ್ತದೆ. ಹೆಪ್ಪಾದಾಗ ಅದು ಹಿಗ್ಗುವುದರಿಂದ ಟ್ಯಾಂಕನ್ನು ಕಂಠದವರೆಗೆ ತುಂಬಿಸಬೇಡಿ, ಬಿಸಿನೀರನ್ನಾಗಲಿ ಬೇರೆ ಯಾವುದನ್ನಾಗಲಿ ಅದಕ್ಕೆ ಸುರಿಯಬೇಡಿ. ಎಂಜಿನ್ ಆಫ್ ಮಾಡಿದ ಕೂಡಲೇ ಬ್ಯಾಟರಿಯ ಮೇನ್ ಸ್ವಿಚ್ ತೆಗೆಯದಿರಲು ಚಾಲಕರಿಗೆ ಹೇಳಿ, ಪೈಪ್‌ನಲ್ಲಿರುವ ದ್ರಾವಣವನ್ನು ಪಂಪು ಹಿಂದಕ್ಕೆ ಎಳೆದುಕೊಳ್ಳಲು ಒಂದೆರಡು ನಿಮಿಷ ಬೇಕು.

15ಡಬ್ಲ್ಯೂ ಆಯಿಲನ್ನು ಮೈನಸ್ 20 ಡಿಗ್ರಿಯಲ್ಲಿ ಎಂಜಿನ್ ತಿರುಗಿಸಬಲ್ಲುದೇ ಎಂದು ಪರೀಕ್ಷಿಸಿರುತ್ತಾರೆ, 10ಡಬ್ಲ್ಯೂ ಆಯಿಲನ್ನು ಮೈನಸ್ 25ರಲ್ಲಿ. ಕಾರ್ಗಿಲ್‌ವರೆಗಿನ ಒಂದು ಟ್ರಿಪ್‌ಗೆ ಇರುವ ಆಯಿಲ್ ಸಾಕು ಎಂಬುದು ನನ್ನ ಅಭಿಪ್ರಾಯ. ಚಳಿಗಾಲವೆಲ್ಲ ಲೇಹ್‌ಗೆ ಓಡಿಸುವುದಾದರೆ ಗಾಡಿಯ ಕೈಪಿಡಿ ಒಪ್ಪುವ ತೆಳುವಾದ ಆಯಿಲ್‌ಗೆ ಬದಲಿಸಿ. ದ್ರಾಸ್‌ನಲ್ಲಿ ಮಾತ್ರ ರಾತ್ರಿ ನಿಲ್ಲಬೇಡಿ. ಕಾರ್ಗಿಲ್ ಅಲ್ಲಿಂದ 60 ಕಿಲೋಮೀಟರ್ ದೂರ ಅಷ್ಟೇ, ಐದಾರು ನೂರು ಮೀಟರ್ ತಗ್ಗಿನಲ್ಲಿದೆ. ಹೊತ್ತು ಮೀರುವಂತಿದ್ದರೆ ಜೋಜಿ ಲಾದ ಈಚೆಗೇ ಉಳಿದು ಮರುದಿನ ಬೆಳಕಿನಲ್ಲಿ ದಾಟುವುದು ಕ್ಷೇಮ.

ಶಿರಾ ಲಾರಿ ಮಾಲೀಕ | ಡಿಸೆಂಬರ್ 23

ತಿಳಿಸಬೇಕಾದ ಋಣ ನನ್ನ ಮೇಲಿತ್ತು. ಗಾಡಿ ಮೊನ್ನೆ ಸಂಜೆ ನಾಲ್ಕು ಗಂಟೆಗೆ ಕಾರ್ಗಿಲ್ ತಲುಪಿತು. ಚಾಲಕರು ಚಳಿಗಾಲದ ಡೀಸೆಲ್ ತುಂಬಿಸಿ, ಅರ್ಧ ಗಂಟೆ ಎಂಜಿನ್ ಓಡಿಸಿ, ನೀರು ಬಿಟ್ಟು, ರಟ್ಟು ಕಟ್ಟಿ ಕೊಠಡಿಗೆ ಹೋಗಿ ಮಲಗಿದರು. ಮರುದಿನ ಬೆಳಿಗ್ಗೆ ಏಳಕ್ಕೆ ಎರಡನೆಯ ಸೆಲ್ಫಿಗೆ ಎಂಜಿನ್ ಹತ್ತಿಕೊಂಡಿತು. ಐದಾರು ನಿಮಿಷ ಬಿಳಿ ಹೊಗೆ ಬಂದು ಆಮೇಲೆ ತಿಳಿಯಾಯಿತಂತೆ. ಯೂರಿಯಾದ ಎಚ್ಚರಿಕೆ ದೀಪ ಸ್ವಲ್ಪ ಹೊತ್ತು ಉರಿದು ತಾನಾಗಿಯೇ ಆರಿತು. ಇಷ್ಟಾಗಿಯೂ ಹಿಂದಿನ ಎಡಗಡೆಯ ಒಂದು ಚಕ್ರ ತಿರುಗಲಿಲ್ಲ, ಹಿಂದಿನ ದಿನ ಹಳ್ಳದ ನೀರಿನಲ್ಲಿ ಇಳಿದಿದ್ದರಿಂದ ಬ್ರೇಕಿನ ಲೈನರ್ ಡ್ರಮ್ಮಿಗೆ ಅಂಟಿ ಹೆಪ್ಪುಗಟ್ಟಿತ್ತಂತೆ. ಡ್ರಮ್ಮಿನ ಮೇಲೆ ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದ ಮೇಲೆ ಬಿಟ್ಟುಕೊಂಡಿತು. ನೀರಿನಲ್ಲಿ ಇಳಿದ ಮೇಲೆ ನಿಲ್ಲಿಸುವ ಮೊದಲು ಸ್ವಲ್ಪ ದೂರ ಬ್ರೇಕ್ ಒತ್ತುತ್ತಾ ಹೋಗಿ ಒಣಗಿಸಬೇಕಿತ್ತೆಂದು ಅಲ್ಲಿನ ಚಾಲಕರೊಬ್ಬರು ಹೇಳಿಕೊಟ್ಟಿದ್ದಾರೆ, ಅದನ್ನೂ ಇಲ್ಲಿ ಸೇರಿಸುತ್ತಿದ್ದೇನೆ. ಗಾಡಿ ಈಗ ಖಾಲಿಯಾಗಿ ಶ್ರೀನಗರದ ಕಡೆಗೆ ಇಳಿಯುತ್ತಿದೆ.